ಹಣಮವ್ವ ತೆಗೆದ ಪೊರೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಳಂದದಲ್ಲಿ ಎಲ್ಲರಿಗೂ ಗೊತ್ತು. ಬೈಸಿಕೊಳ್ಳಲು ತಯಾರಾಗಿಯೇ ಜನ ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಚಸ್ಮಾದವರನ್ನು ನಾನು ಅಷ್ಟಾಗಿ ಬೈಯುವುದಿಲ್ಲ. ಚಸ್ಮಾದ ಮೇಲೆ ಕೂತರೆ ಚಸ್ಮಾ ಮುರಿಯುತ್ತದೆ, ಅಷ್ಟೇ. ನನ್ನ ಸಿಟ್ಟೆಲ್ಲ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವವರ ಮೇಲೆ. ಅದು ಕಣ್ಣಿನ ಮೇಲೆಯೇ ಕೂರುವ ವಸ್ತು, ಅದರ ಜೊತೆ ಸಲುಗೆ ಮಾಡಿದರೆ ಹೋಗುವುದು ಕಣ್ಣು. ಅಫಜಲಪುರದ ಒಬ್ಬ ಲೆಕ್ಚರರ್ ಲೆನ್ಸನ್ನು ಕೊಡದ ನೀರಿನಲ್ಲಿ ನೆನೆಸಿಡುತ್ತಿದ್ದರು, ಕುಡಿಯುವ ನೀರೇ ಅಲ್ಲವೇ ಎಂದು ನನ್ನನ್ನೇ ಕೇಳಿದರು. ಜೇವರ್ಗಿಯ ಒಬ್ಬ ಮದುಮಗ ಹಸಿರು ಲೆನ್ಸ್ ಹಾಕಿಕೊಂಡವನು ಮದುವೆಯ ಗದ್ದಲ ಮುಗಿಯುವತನಕ ಅದರಲ್ಲೇ ಮಲಗಿ ಎದ್ದ. ಇಬ್ಬರಿಗೂ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ.

ನಾನು ಆಪ್ಟೋಮೆಟ್ರಿಸ್ಟ್. ಅಂದರೆ ಕಣ್ಣು ಪರೀಕ್ಷೆ ಮಾಡುತ್ತೇನೆ, ನಂಬರ್ ತೆಗೆಯುತ್ತೇನೆ, ಲೆನ್ಸ್ ಕೂಡಿಸುತ್ತೇನೆ. ರೋಗ ಕಂಡರೆ ಕಲಬುರಗಿಯ ದವಾಖಾನೆಗೆ ಕಳಿಸುತ್ತೇನೆ. ಆ ಉದ್ದನೆಯ ಹೆಸರು ಇಲ್ಲಿ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಬೋರ್ಡಿನ ಮೇಲೆ ಮನೀಷಾ ಎಂದು ಬರೆಸಿದ್ದರೂ ಊರಿಗೆಲ್ಲ ನಾನು ಚಸ್ಮಾ ಬಾಯಿ. ಅಂಗಡಿಯಲ್ಲಿ ನನ್ನ ಜೊತೆ ಮೆಹನಾಜ ಇದ್ದಾಳೆ. ಗಾಜು ಉಜ್ಜಿ ಫ್ರೇಮಿಗೆ ಕೂಡಿಸುವುದು ಅವಳ ಕೆಲಸ, ನಾನು ಬೈದವರಿಗೆ ನೀರು ಕೊಟ್ಟು ಸಮಾಧಾನ ಮಾಡುವುದೂ ಅವಳದೇ.

ಶಿವಕಾಂತಾ ಹಿರೋಳ್ಳಿಯ ಹುಡುಗಿ, ಸರಸಂಬಾಕ್ಕೆ ಸೊಸೆಯಾಗಿ ಬಂದವಳು. ಮನೆಯಲ್ಲಿ ಮಿಷನ್ ಇಟ್ಟುಕೊಂಡು ಓಣಿಯ ಹೆಂಗಸರ ಜಂಪರ್ ಹೊಲಿಯುತ್ತಿದ್ದಳು. ಮಿಷನ್ನಿನ ಸೂಜಿ ಬೆರಳಿಗೇ ಇಳಿದ ಮೇಲೆ ಅವಳ ಗಂಡ ಸಿದ್ದರಾಮೇಶ ಗಾಡಿಯ ಮೇಲೆ ಕೂಡಿಸಿಕೊಂಡು ನನ್ನಲ್ಲಿಗೆ ಕರೆತಂದ. ಯಾವ ಗಾಜು ಇಟ್ಟರೂ ಅವಳಿಗೆ ದೊಡ್ಡ ಅಕ್ಷರದ ಸಾಲು ದಾಟಲಾಗಲಿಲ್ಲ. ನನಗೆ ಅನುಮಾನ ಬಂತು.

“ರಾತ್ರಿ ಚಂದ್ರನ್ನ ನೋಡಿದ್ರ ಹೆಂಗ ಕಾಣ್ತಾನ?” ಎಂದು ಕೇಳಿದೆ.

“ಐದಾರು ಇರ್ತಾವಲ್ರಿ, ಒಂದರ ಮ್ಯಾಗ ಒಂದು,” ಎಂದಳು. ನಾನು ಕೈಯಲ್ಲಿದ್ದ ಗಾಜು ಕೆಳಗಿಟ್ಟದ್ದು ನೋಡಿ, “ಎಲ್ಲರಿಗೂ ಹಂಗ ಅಲ್ಲೇನ್ರಿ ಮೇಡಂ?” ಎಂದಳು.

ಕರಿಗುಡ್ಡೆಯ ಮುಂದೆ ಗಾಜಿನಂಥ ಒಂದು ಪದರ ಇರುತ್ತದೆ. ಅದು ದುಂಡಗಿರಬೇಕು. ಕೆಲವರಿಗೆ ಹರೆಯದಲ್ಲಿ ಅದು ತೆಳ್ಳಗಾಗುತ್ತ ಬುಗುರಿಯ ಹಾಗೆ ಮುಂದಕ್ಕೆ ಚೂಪಾಗುತ್ತದೆ. ಶಿವಕಾಂತಾಳದು ಹಾಗಾಗಿತ್ತು. ಅದಕ್ಕೆ ಚಸ್ಮಾ ಸಾಲದು, ಆ ಚೂಪಿನ ಮೇಲೆ ಗಟ್ಟಿ ಲೆನ್ಸ್ ಕೂಡಿಸಬೇಕು. ಹುಣಸೆ ಬೀಜಕ್ಕಿಂತ ಚಿಕ್ಕದು ಅದು. ಕಲಬುರಗಿಯ ಡಾಕ್ಟರಿಗೆ ತೋರಿಸಿ, ಅಳತೆ ಕೊಟ್ಟು ತರಿಸಿ, ಎರಡೂ ಕಣ್ಣಿಗೆ ಹಾಕಿದೆ. ಕಣ್ಣೀರು ಸೋರಿ ನಿಂತ ಮೇಲೆ ಅವಳು ಮೊದಲು ನೋಡಿದ್ದು ಗಂಡನ ಮುಖ.

“ಇವರ ಹುಬ್ಬಿನ್ಯಾಗ ಗಾಯದ ಕಲಿ ಅದ,” ಎಂದಳು. “ಲಗ್ನ ಆಗಿ ವರ್ಷ ಆತು, ನಾ ನೋಡೇ ಇಲ್ಲ.”

“ಸಣ್ಣವ ಇದ್ದಾಗ ಎತ್ತು ಹಾಯ್ದಿತ್ರಿ,” ಎಂದು ಸಿದ್ದರಾಮೇಶ ಹುಬ್ಬು ಮುಟ್ಟಿಕೊಂಡ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ. ಮೆಹನಾಜ ನಗು ತಡೆಯಲಾಗದೆ ಒಳಗೆ ಹೋದಳು. ನನಗೆ ಆ ಹುಡುಗಿ ಅವತ್ತೇ ಇಷ್ಟವಾಗಿಬಿಟ್ಟಳು.

ಹೊರಡುವಾಗ ಶಿವಕಾಂತಾ ತಡವರಿಸುತ್ತ ಒಂದು ಮಾತು ಹೇಳಿದಳು. ಲೆನ್ಸಿನ ವಿಷಯ ಮನೆಯಲ್ಲಿ ಆಯಿಗೆ ಹೇಳುವುದಿಲ್ಲವಂತೆ. ಆಯಿ ಎಂದರೆ ಸಿದ್ದರಾಮೇಶನ ಅಜ್ಜಿ, ಹಣಮವ್ವ. ಹೆಸರು ಕೇಳುತ್ತಲೇ ನನಗೆ ಅರ್ಥವಾಯಿತು.

ಸರಸಂಬಾದ ಹಣಮವ್ವ ಎಂದರೆ ಸುತ್ತಲ ಹಳ್ಳಿಗೆಲ್ಲ ಗೊತ್ತು. ಕಣ್ಣಿಗೆ ಕಸ ಬಿದ್ದರೆ ಜನ ಓಡುವುದು ಅವಳ ಕಟ್ಟೆಗೆ. ಬಂದವರನ್ನು ಎದುರು ಕೂಡಿಸಿಕೊಂಡು, ಹೆಬ್ಬೆರಳಿನಿಂದ ರೆಪ್ಪೆ ಮಗುಚಿ, ನಾಲಿಗೆಯ ತುದಿಯಿಂದ ಕಣ್ಣೊಳಗೆ ಒಂದು ಸಲ ಸವರುತ್ತಾಳೆ. ಆಮೇಲೆ ಆ ಕಸವನ್ನು ಅಂಗೈ ಮೇಲೆ ಉಗುಳಿ, ತೋರಿಸಿಯೇ ಕಳಿಸುತ್ತಾಳೆ. ಹೊಟ್ಟು, ಜೋಳದ ರವದಿಯ ಚೂರು, ಹುಳದ ರೆಕ್ಕೆ. ಯಾರ ಕೈಯಿಂದಲೂ ಒಂದು ಎಲೆ ಅಡಿಕೆ ಮುಟ್ಟಿದವಳಲ್ಲ. ಈ ನಾಲಿಗೆಯ ವೈದ್ಯವೆಂದರೆ ನನಗೆ ಮೈ ಉರಿಯುತ್ತದೆ. ಬಾಯಲ್ಲಿ ಇರುವಷ್ಟು ಕ್ರಿಮಿ ಚರಂಡಿಯಲ್ಲೂ ಇರಲಿಕ್ಕಿಲ್ಲ. ಆದರೂ ಜನರಿಗೆ ನನಗಿಂತ ಹಣಮವ್ವನೇ ಹತ್ತಿರ, ಏಕೆಂದರೆ ಅವಳು ಬೈಯುವುದಿಲ್ಲ.

“ಮುಚ್ಚಿಡಬ್ಯಾಡ, ಇವತ್ತೇ ಹೇಳು,” ಎಂದೆ ಶಿವಕಾಂತಾಗೆ.

“ಕಣ್ಣಾಗ ಕಸ ಇದ್ರ ತೆಗೀಬೇಕು ಅನ್ನೂರು ಅವರು. ಕಣ್ಣಾಗ ಬೇಕಂತ ಇಟ್ಕೊಂಡೇನಿ ಅಂದ್ರ ಹೆಂಗ ತಿಳೀತದ್ರಿ? ಸ್ವಲ್ಪ ದಿನ ಆಗಲಿ, ಹೇಳ್ತೇನಿ.”

ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಸುಗ್ಗಿ ಬಂತು. ಅವರ ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು. ಕಾಳು ಬಡಿಯುವ ಮಿಷನ್ನಿನಿಂದ ಹಾರುವ ಹೊಟ್ಟು ಶಿವಕಾಂತಾಳ ಬಲಗಣ್ಣಿಗೆ ಬಿದ್ದು, ಉಜ್ಜಿಕೊಂಡದ್ದರಿಂದ ಲೆನ್ಸ್ ಜಾರಿ ಕಣ್ಣಿನ ಮೂಲೆಗೆ ಹೋಗಿ ಕೂತಿತು. ನೀರು ಸುರಿಯತೊಡಗಿತು. ರಾಶಿಗೆ ಬುತ್ತಿ ತಂದಿದ್ದ ಹಣಮವ್ವ ಅದನ್ನು ಕಂಡಳು. ಶಿವಕಾಂತಾ “ಬ್ಯಾಡ್ರಿ ಆಯಿ” ಎಂದಳಂತೆ. “ಸುಮ್ಮ ಕುಂದ್ರು ಬೇ, ಊರ ಮಂದಿ ಕಸ ತೆಗದೇನಿ, ನಮ್ಮನಿ ಕೂಸಿನ ಕಸ ಬಿಡ್ತೇನೇನು” ಎಂದು ಮುದುಕಿ ಅವಳ ತಲೆ ಹಿಡಿದು ನಾಲಿಗೆ ಹಚ್ಚಿಯೇಬಿಟ್ಟಳು.

ಅಂಗೈ ಮೇಲೆ ಬಂದದ್ದು ಹೊಟ್ಟಲ್ಲ. ದುಂಡಗೆ, ತೆಳ್ಳಗೆ, ನೀರಿನಂತೆ ಪಾರದರ್ಶಕವಾದದ್ದು. ಹಣಮವ್ವ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ಕಣ್ಣಿಗೆ ಪೊರೆ, ಇಲ್ಲಿಯವರ ಬಾಯಲ್ಲಿ ಪರಿ, ಬರುತ್ತದೆ, ಅದನ್ನು ದೊಡ್ಡ ಡಾಕ್ಟರರು ಮಿಷನ್ನಿನಿಂದ ತೆಗೆಯುತ್ತಾರೆ ಎಂದು ಅವಳು ಕೇಳಿದ್ದಳು.

“ಪರಿ ಬಂದಿತ್ತು ನೋಡ್ರೋ ಈ ಕೂಸಿಗೆ,” ಎಂದಳಂತೆ, ರಾಶಿಯ ಆಳುಗಳಿಗೆಲ್ಲ ಕೇಳುವಂತೆ. “ಈ ವಯಸ್ಸಿನ್ಯಾಗ ಪರಿ. ನನ್ನ ನಾಲಿಗಿಗೆ ಬಂತು.”

ಹೊತ್ತು ಮುಳುಗುವುದರೊಳಗೆ ಸುದ್ದಿ ಸರಸಂಬಾ ತುಂಬ ಹಬ್ಬಿತು. ಮುದುಕಿ ಆ ಲೆನ್ಸನ್ನು ತನ್ನ ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡು ಕೇಳಿದವರಿಗೆಲ್ಲ ತೋರಿಸಿದಳು. ಮರುದಿನ ಹಿರೋಳ್ಳಿಯಿಂದ ಇಬ್ಬರು ಮುದುಕರು ಪೊರೆ ತೆಗೆಸಿಕೊಳ್ಳಲು ಕೋಲೂರಿಕೊಂಡು ಬಂದೇಬಿಟ್ಟರು. ಅವರದು ಇನ್ನೂ ಹಣ್ಣಾಗಿಲ್ಲ, ನೆಕ್ಕಿದರೆ ಬರುವಂಥದ್ದಲ್ಲ ಎಂದು ಹಣಮವ್ವ ವಾಪಸು ಕಳಿಸಿದಳಂತೆ. ಇದನ್ನು ಕೇಳಿದಾಗ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ಶಿವಕಾಂತಾ ಬಾಯಿ ಬಿಡಲಿಲ್ಲ, ಗಂಡನಿಗೂ ಸುಮ್ಮನಿರಲು ಹೇಳಿದಳು. ಮೊದಲು ಹೆದರಿಕೆ. ಆಮೇಲೆ, ಅಷ್ಟು ಸಂತೋಷದಲ್ಲಿದ್ದ ಮುದುಕಿಗೆ ಅದು ಪೊರೆಯಲ್ಲ ಎಂದು ಹೇಳಲು ಮನಸ್ಸೇ ಬರಲಿಲ್ಲವಂತೆ. ಕಣ್ಣು ಕೆಂಪಾಯಿತು, ನೋವು ಏರಿತು, ಬೆಳಕು ನೋಡಲಾಗದೆ ಸೆರಗು ಮುಚ್ಚಿಕೊಂಡು ಕೂತಳು. ಆಗ ಸಿದ್ದರಾಮೇಶ ಗಾಬರಿಯಿಂದ ನನ್ನಲ್ಲಿಗೆ ತಂದ. ಕರಿಗುಡ್ಡೆಯ ಮೇಲೆ ಅಕ್ಕಿಯ ನುಚ್ಚಿನಷ್ಟು ಬಿಳಿ ಚುಕ್ಕೆ ಕಂಡಿತು. ಅದು ಹುಣ್ಣು. ನಡುವಿಗೆ ಹಬ್ಬಿದರೆ ಕಣ್ಣಿಗೆ ಹೂ ಬಿದ್ದು ನೋಟ ಹೋಗುತ್ತದೆ.

“ನೀರಾಗ ತೊಳದಿಯೇನು? ರಾತ್ರಿ ತೆಗೀದ ಮಲಗಿದಿಯೇನು? ಎಷ್ಟು ಸಲ ಹೇಳಬೇಕು ನಿಮಗ?” ಎಂದು ಕೂಗಾಡಿದೆ. ಈಗಲೇ ಕಲಬುರಗಿಗೆ ಹೊರಡಿ ಎಂದು ಸಿದ್ದರಾಮೇಶನನ್ನು ಗಾಡಿ ತಿರುಗಿಸಲು ಹೊರಗೆ ಕಳಿಸಿದೆ. ಅವನು ಹೋದ ಕೂಡಲೇ ಶಿವಕಾಂತಾ ನಡೆದದ್ದೆಲ್ಲ ಹೇಳಿ ನನ್ನ ಕೈ ಹಿಡಿದುಕೊಂಡಳು.

“ಮೇಡಂ, ಇದು ಆಯಿ ನಾಲಿಗಿಯಿಂದ ಆಗ್ಯದ ಅಂತ ಆಯಿಗೆ ತಿಳೀಬಾರದು.”

“ತಿಳೀಬೇಕು. ನಾಳಿ ಮತ್ತೊಬ್ಬರ ಕಣ್ಣಿಗೆ ನಾಲಿಗಿ ಹಚ್ಚಿದ್ರ?”

“ನನ್ನ ಕಣ್ಣು ನೆಟ್ಟಗಾಗೂತನಕ ಆದ್ರೂ ತಡೀರಿ. ನಾ ಸಣ್ಣಾಕಿ ಇದ್ದಾಗ ನಮ್ಮವ್ವ ತೀರಿದಳು. ಆಮ್ಯಾಗ ನನ್ನ ತಲಿಗೆ ಎಣ್ಣಿ ಹಚ್ಚಿ ಬಾಚಿದವರು ಆಯಿ ಒಬ್ಬರ. ಈಗ ತಿಳಿದ್ರ ಉಣ್ಣೂದ ಬಿಡ್ತಾರ್ರಿ. ಕಣ್ಣು ಹೋದ್ರ ಒಂದು ಹೋಗ್ತದ. ಅವರು ಹೋದ್ರ ನನಗ ಯಾರದಾರ?”

ಸಿದ್ದರಾಮೇಶ ಒಳಗೆ ಬಂದು “ಯಾಕ ಆತ್ರಿ ಹಿಂಗ?” ಎಂದಾಗ “ಲೆನ್ಸ್ ಹಾಕ್ಕೊಂಡು ರಾಶಿಗೆ ಹೋಗಿದ್ಲು, ಧೂಳು” ಎಂದುಬಿಟ್ಟೆ. ಸುಳ್ಳು ಹೇಳಿದೆ, ಅದೂ ಕಣ್ಣಿನ ವಿಷಯದಲ್ಲಿ. ರಾಶಿ ಮುಗಿಯುವ ಮೊದಲು ಇನ್ನೊಬ್ಬರ ಕಣ್ಣು ಹೀಗಾದರೆ ಅದರ ಪಾಪ ನನ್ನದೇ ಎಂದು ಗೊತ್ತಿದ್ದೂ ಹೇಳಿದೆ.

ಕಲಬುರಗಿಯಲ್ಲಿ ಗಂಟೆಗೊಂದು ಸಲ ಹಾಕುವ ಹನಿ ಕೊಟ್ಟು, ಕೆಲವು ದಿನ ಇಟ್ಟುಕೊಂಡು ಕಳಿಸಿದರು. ಕಣ್ಣು ಉಳಿಯುತ್ತದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದರಂತೆ. ಸರಸಂಬಾಕ್ಕೆ ಹೋಗಿ ಆ ಮುದುಕಿಗೆ ಹೇಳಿಯೇ ಬಿಡುತ್ತೇನೆ ಎಂದು ದಿನಾ ಅಂದುಕೊಳ್ಳುವುದು, ಶಿವಕಾಂತಾಳ ಮುಖ ನೆನಪಾಗಿ ಸುಮ್ಮನಾಗುವುದು. ಅತ್ತ ದರಿ, ಇತ್ತ ಪುಲಿ.

ಸಂತೆಯ ದಿನ ಹಣಮವ್ವನೇ ಬಂದಳು. ಒಬ್ಬಳೇ, ಟಂಟಂ ಆಟೋ ಹತ್ತಿಕೊಂಡು. ನಾನು ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಇಳಕಲ್ ಸೀರೆಯ ಸಣ್ಣ ಮುದುಕಿ, ಹಣೆ ತುಂಬ ವಿಭೂತಿ. ಯಾರನ್ನೂ ಕೇಳದೆ ನನ್ನ ಪರೀಕ್ಷೆಯ ಕುರ್ಚಿಯ ಮೇಲೆ ಕೂತಳು. ಕಣ್ಣು ನೋಡುವ ಮಿಷನ್ನಿನ ಮೇಲೆ ಗದ್ದ ಇಟ್ಟಳು. ನಾನು ದೀಪ ಹಚ್ಚಿ ಆ ಕಡೆಯಿಂದ ಇಣುಕಿದೆ. ಅವಳು ಬಾಯಿ ತೆರೆದು ನಾಲಿಗೆ ಚಾಚಿದ್ದಳು.

“ಆಯಿ, ಇದು ಕಣ್ಣು ನೋಡೂದು,” ಎಂದೆ.

“ಗೊತ್ತದ. ನನ್ನ ನಾಲಿಗಿ ನೋಡು. ಇದರಾಗ ಏನರೆ ಅದ ಏನು, ಖರೇ ಹೇಳು.”

ನಾನು ದೀಪ ಆರಿಸಿದೆ. “ಎಲ್ಲರ ಬಾಯಾಗೂ ಕ್ರಿಮಿ ಇರ್ತಾವ ಆಯಿ. ನಿಮ್ಮದ್ರಾಗೂ ಅವ, ನಂದ್ರಾಗೂ ಅವ. ಬಾಯಾಗ ಇದ್ರ ಏನೂ ಮಾಡಂಗಿಲ್ಲ. ಕಣ್ಣಾಗ ಹೋದ್ರ ಹುಣ್ಣು ಆಗ್ತದ.”

ಹಣಮವ್ವ ಗದ್ದ ತೆಗೆದು ನೆಟ್ಟಗೆ ಕೂತಳು. ಸಂಚಿ ಬಿಚ್ಚಿ ಲೆನ್ಸನ್ನು ನನ್ನ ಟೇಬಲ್ಲಿನ ಮೇಲಿಟ್ಟಳು. “ಇದು ಪರಿ ಅಲ್ಲ, ನೀ ಕೊಟ್ಟಿದ್ದು ಅಂತ ಕಣ್ಣು ಕೆಟ್ಟ ಮ್ಯಾಗ ಮೊಮ್ಮಗ ಸಿದ್ದು ಹೇಳಿದ. ನಾ ಊರ ಮಂದಿಗೆಲ್ಲ ತೋರಿಸೀನಿ.” ನಾಚಿಕೆಯಿಂದ ಅವಳ ಮುಖ ಚಿಕ್ಕದಾಗಿತ್ತು. “ಅವತ್ತಿಂದ ನಾ ಯಾರ ಕಣ್ಣಿಗೂ ಬಾಯಿ ಹಚ್ಚಿಲ್ಲ. ಹಲ್ಲು ನೋವು ಅಂತ ಹೇಳಿ ಕಳಸಾಕತ್ತೇನಿ. ಇಷ್ಟು ವರ್ಷ ಕಸ ಬಂತು ಅಂತ ನಕ್ಕೋತ ಹೋಗೂರು ಮಂದಿ. ಆಮ್ಯಾಗ ಯಾರ ಕಣ್ಣು ಏನಾತು ಅಂತ ತಿರುಗಿ ಹೇಳಾಕ ಬಂದವರಿಲ್ಲ. ಎಷ್ಟು ಮಂದೀದು ಕೆಡಿಸೀನೋ ಆ ಶರಣಬಸಪ್ಪನಿಗೇ ಗೊತ್ತು.”

ನಾನು ಏನೋ ಸಮಾಧಾನ ಹೇಳಹೋದೆ. ಅವಳು ಕೈ ಎತ್ತಿ ತಡೆದಳು.

“ಅದು ಬಿಡು. ಶಿವಕಾಂತಾಗ ಹೇಳಬ್ಯಾಡ ಬೇ. ಧೂಳಿನಿಂದ ಆಗ್ಯದ ಅಂತ ತಿಳಕೊಂಡಾಳ, ಹಂಗ ಇರಲಿ. ನನ್ನಿಂದ ಆತು ಅಂತ ತಿಳಿದ್ರ ಆ ಕೂಸು ನನ್ನ ಹತ್ರ ಬರಾಕ ಅಂಜ್ತದ. ಇಷ್ಟು ಮಾಡು.”

ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಗೊಬ್ಬರು ಕಾಣದಂತೆ ನನ್ನ ಸೆರಗಿಗೇ ಕಟ್ಟಿ ಹೋದರು. ಊರಿನಲ್ಲಿ ಇನ್ನಾರೂ ಸಿಗಲಿಲ್ಲವೇ ಇವರಿಗೆ? ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಮೆಹನಾಜ ಯಾವಾಗಲೂ ಆಡಿಕೊಳ್ಳುತ್ತಾಳೆ. “ಈ ಸಲ ನಿಮಗ ಹೊಟ್ಟಿ ನೋವು ಗ್ಯಾರಂಟಿ ಅದ ಮೇಡಂ,” ಎಂದಳು.

ಹುಣ್ಣು ನಿಧಾನವಾಗಿ ಮಾಯಿತು. ಕಲೆ ಅಂಚಿಗೆ ನಿಂತಿತು, ನಡುವಿಗೆ ಬರಲಿಲ್ಲ. ಡಾಕ್ಟರರು ನೋಟ ಉಳಿಯಿತು ಎಂದ ದಿನ ನಾನು ಮೆಹನಾಜಳಿಂದ ಪೇಢೆ ತರಿಸಿ ಗಿರಾಕಿಗಳಿಗೆಲ್ಲ ಹಂಚಿದೆ. ಆದರೆ ತೋರಿಸಲು ಬಂದಾಗಲೆಲ್ಲ ಶಿವಕಾಂತಾಳ ಮುಖ ಬಾಡಿರುತ್ತಿತ್ತು.

“ಆಯಿ ನನ್ನ ಮುಖ ನೋಡವಲ್ರು,” ಎಂದಳು ಒಂದು ಸಲ. “ತಲಿಗೆ ಎಣ್ಣಿ ಹಚ್ಚಾಕ ಕುಂತ್ರ ಎದ್ದು ಹೋಗ್ತಾರ. ಲೆನ್ಸ್ ಮುಚ್ಚಿಟ್ಟಿದ್ದಕ್ಕ ಸಿಟ್ಟಾಗ್ಯಾರ್ರಿ.”

ಸಿಟ್ಟಲ್ಲ ಎಂದು ನನಗೆ ಗೊತ್ತಿತ್ತು. ಆ ಕಣ್ಣಿನ ಹತ್ತಿರ ಹೋಗಲು ಮುದುಕಿಯ ಕೈಗೆ ಧೈರ್ಯ ಸಾಲುತ್ತಿರಲಿಲ್ಲ. ಕಣ್ಣು ಉಳಿಯಿತು, ಆದರೆ ಯಾವುದನ್ನು ಉಳಿಸಿಕೊಳ್ಳಲು ಇಬ್ಬರೂ ನನ್ನ ಬಾಯಿಗೆ ಬೀಗ ಹಾಕಿದ್ದರೋ ಅದೇ ಕೈ ತಪ್ಪಿ ಹೋಗುತ್ತಿತ್ತು. ಕೊಟ್ಟ ಮಾತಿಗೆ ಕಟ್ಟುಬಿದ್ದು ತುಟಿ ಕಚ್ಚಿಕೊಂಡು ಕೂತೆ.

ಮತ್ತೆ ಲೆನ್ಸ್ ಹಾಕಬಹುದು ಎಂದು ಡಾಕ್ಟರರು ಒಪ್ಪಿಗೆ ಕೊಟ್ಟರು. ಹೊಸದು ತರಿಸಿದೆ. ಈ ಸಲ ಆಯಿಯನ್ನೂ ಕರೆದುಕೊಂಡು ಬಾ ಎಂದು ಸಿದ್ದರಾಮೇಶನಿಗೆ ಫೋನಿನಲ್ಲಿ ಖಡಕ್ಕಾಗಿ ಹೇಳಿದೆ. ಮೂವರೂ ಬಂದರು. ಹಣಮವ್ವ ಬಾಗಿಲ ಹತ್ತಿರದ ಬೆಂಚಿನ ಮೇಲೆ, ನಮಗೆ ಬೆನ್ನು ಮಾಡಿ, ರಸ್ತೆ ನೋಡುತ್ತ ಕೂತಳು. ಶಿವಕಾಂತಾ ಕನ್ನಡಿಯ ಮುಂದೆ ಕೂತು ಬೆರಳ ತುದಿಯ ಮೇಲೆ ಲೆನ್ಸ್ ಇಟ್ಟುಕೊಂಡಳು. ಕೈ ಗಡಗಡ ನಡುಗುತ್ತಿತ್ತು. ಬೆರಳು ಹತ್ತಿರ ಬರುವ ಮೊದಲೇ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ನಾನು ಹಾಕಲು ಹೋದರೂ ಅಷ್ಟೇ. ತಲೆ ಹಿಂದಕ್ಕೆ ಎಳೆದುಕೊಂಡಳು, ಅತ್ತಳು, ಅತ್ತ ಕಣ್ಣಿಗೆ ಲೆನ್ಸ್ ನಿಲ್ಲುವುದಿಲ್ಲ. ಮುದುಕಿ ಅಳು ಕೇಳಿಸಿಕೊಂಡೂ ಈ ಕಡೆ ತಿರುಗಲಿಲ್ಲ.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

“ಸಾಕಾಗ್ಯದ ನನಗ ನಿಮ್ಮಿಬ್ಬರ ಆಟ,” ಎಂದೆ. “ಆಯಿ, ಈ ಕಡೆ ತಿರುಗ್ರಿ. ನಿಮ್ಮ ನಾಲಿಗಿಯಿಂದ ಆಗ್ಯದ ಅಂತ ಈಕಿಗೆ ಮೊದಲಿಂದ ಗೊತ್ತದ. ನಿಮಗ ಹೇಳಬ್ಯಾಡಂತ ಇಲ್ಲೇ ನಿಂತು ನನ್ನ ಕೈ ಹಿಡದಾಳ. ಮತ್ತ ನೀ ಕೇಳು ಶಿವಕಾಂತಾ. ಆಯಿಗೂ ಗೊತ್ತದ. ನಿನಗ ಹೇಳಬ್ಯಾಡಂತ ಈ ವಯಸ್ಸಿನ್ಯಾಗ ಒಬ್ಬರೇ ಟಂಟಂ ಹತ್ತಿ ಬಂದಿದ್ರು. ನಿಮ್ಮಿಬ್ಬರ ನಡುವ ನಾ ಯಾಕ ಸಾಯಲಿ?”

ಮೆಹನಾಜ ಗಾಜು ಉಜ್ಜುವ ಮಿಷನ್ ಬಂದ್ ಮಾಡಿದಳು. ಹಣಮವ್ವ ಬೆಂಚಿನ ಮೇಲೆಯೇ ಮೆಲ್ಲಗೆ ಇತ್ತ ತಿರುಗಿದಳು.

“ನಿನಗ ಗೊತ್ತಿತ್ತು?”

“ಗೊತ್ತಿತ್ರಿ ಆಯಿ.”

“ಗೊತ್ತಿದ್ದೂ ದಿನಾ ನನಗ ರೊಟ್ಟಿ ಮಾಡಿ ನೀಡಿದಿ?”

“ಮತ್ತ ಯಾರು ನೀಡಬೇಕ್ರಿ?” ಎಂದಳು ಶಿವಕಾಂತಾ.

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಿವಕಾಂತಾ ಕಣ್ಣು ಒರೆಸಿಕೊಂಡು ಕುರ್ಚಿಯನ್ನು ಕನ್ನಡಿಯ ಕಡೆಯಿಂದ ಬೆಂಚಿನ ಕಡೆಗೆ ತಿರುಗಿಸಿದಳು.

“ಆಯಿ, ನೀವ ಹಾಕ್ರಿ. ನನ್ನ ಕೈ ನಡಗಾಕತ್ತಾವ.”

“ನಾ ಆ ಕಣ್ಣು ಮುಟ್ಟಂಗಿಲ್ಲ,” ಎಂದಳು ಹಣಮವ್ವ.

ನನಗೂ ದಿಗಿಲಾಯಿತು. ಮಾಯ್ದ ಕಣ್ಣು, ಮುದಿ ಕೈ, ಮೊದಲ ಸಲ. ಯಾವ ಪುಸ್ತಕದಲ್ಲೂ ಹೀಗೆ ಮಾಡಿ ಎಂದು ಬರೆದಿಲ್ಲ. ಆದರೆ ಆ ಹುಡುಗಿಯ ಮುಖ ನೋಡಿ ನಾನೇ ಎದ್ದು ಹೋಗಿ ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿದೆ. ಮೆಹನಾಜ ಅವಳ ಉಗುರು ಕತ್ತರಿಸಿದಳು. ಸಾಬೂನು ಹಚ್ಚಿ ತೊಳೆಸಿದೆ, ಸಾಲದೆಂದು ಮತ್ತೆ ತೊಳೆಸಿದೆ, ಸೀರೆಗೆ ಒರೆಸಿಕೊಳ್ಳಲು ಹೋದಾಗ ಬೈದು ಇನ್ನೊಮ್ಮೆ ತೊಳೆಸಿದೆ. ಹಣಮವ್ವ ಶಾಲೆಗೆ ಹೊಸದಾಗಿ ಸೇರಿದ ಕೂಸಿನ ಹಾಗೆ ಹೇಳಿದ್ದನ್ನೆಲ್ಲ ಮಾಡಿದಳು. ಬೆರಳ ತುದಿಯಲ್ಲಿ ಲೆನ್ಸ್ ಹೇಗೆ ಕೂಡಿಸಬೇಕು, ಎಷ್ಟು ಮೆಲ್ಲಗೆ ತಾಗಿಸಬೇಕು ಎಂದು ತೋರಿಸಿದೆ. ಮೊದಲ ಸಲ ಅದು ಶಿವಕಾಂತಾಳ ಮಡಿಲಿಗೆ ಬಿತ್ತು. ದ್ರಾವಣದಲ್ಲಿ ತೊಳೆದು ಮತ್ತೆ ಕೊಟ್ಟೆ.

“ಅಂಜಿಕಿ ಆಗ್ತದೇನು ಬೇ?” ಎಂದಳು ಹಣಮವ್ವ.

“ಇಲ್ರಿ.”

ಶಿವಕಾಂತಾ ಮುಖ ಮುಂದಕ್ಕೆ ತಂದಳು. ನನ್ನ ಬೆರಳು ಹತ್ತಿರ ಬಂದಾಗಲೆಲ್ಲ ಮುಚ್ಚಿಕೊಂಡಿದ್ದ ಆ ಕಣ್ಣು, ಹಣಮವ್ವನ ಬೆರಳು ಬಂದು ಮುಟ್ಟುವತನಕ ತೆರೆದೇ ಇತ್ತು.